ಹಡಗು ಹತ್ತಿಸಿದ ಪತ್ರಿಕೆ

ಆಳು ಬೇಕಾಗಿದ್ದಾರೆ ಎಂಬ ಜಾಹೀರಾತು ಯಾವ ಪತ್ರಿಕೆಗೂ ಹೊಸದಲ್ಲ. ಆದರೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಿಂದ 1913ರ ಕೊನೆಯಲ್ಲಿ ಹೊರಟ ವಾರಪತ್ರಿಕೆಯೊಂದರ ಜಾಹೀರಾತು ಬೇರೆಯೇ ಥರದ್ದು. ಹಿಂದೂಸ್ಥಾನದಲ್ಲಿ ದಂಗೆ ಎಬ್ಬಿಸಲು ಅದಕ್ಕೆ ಧೈರ್ಯವಂತ ಸಿಪಾಯಿಗಳು ಬೇಕಿದ್ದರು. ಸಂಬಳ: ಸಾವು. ಬಹುಮಾನ: ಹುತಾತ್ಮ ಪದವಿ. ಪಿಂಚಣಿ: ಸ್ವಾತಂತ್ರ್ಯ. ಕೆಲಸದ ಜಾಗ: ಹಿಂದೂಸ್ಥಾನ. ಇದನ್ನು ಓದಿದವರು, ಓದಿಸಿಕೊಂಡು ಕೇಳಿದವರು ಹೆಚ್ಚಾಗಿ ಪಂಜಾಬಿನಿಂದ ಹೋಗಿ ಮರದ ಮಿಲ್ಲುಗಳಲ್ಲಿ, ಹಣ್ಣಿನ ತೋಟಗಳಲ್ಲಿ ಕೂಲಿಗೆ ನಿಂತವರು. ಅವರಲ್ಲಿ ಸಾಕಷ್ಟು ಮಂದಿ ಬ್ರಿಟಿಷರ ಪಲ್ಟನ್ನುಗಳಲ್ಲಿ ದುಡಿದು ಬಂದ ಮಾಜಿ ಸಿಪಾಯಿಗಳು. ಸಂಬಳ, ಬಹುಮಾನ, ಪಿಂಚಣಿ ಎಂಬ ಲೆಕ್ಕದಲ್ಲೇ ಅರ್ಧ ಆಯುಷ್ಯ ಕಳೆದವರಿಗೆ ಆ ಲೆಕ್ಕದ ಭಾಷೆಯಲ್ಲೇ ಸಾವಿನ ಕರೆ ಕೊಟ್ಟಿತ್ತು ಪತ್ರಿಕೆ. ಒಂದು ವರ್ಷ ತುಂಬುವ ಮೊದಲೇ ಅವರು ಗುಂಪು ಗುಂಪಾಗಿ ಕೆಲಸ ಬಿಟ್ಟು ಹಡಗು ಹತ್ತಿದರು.

ಪತ್ರಿಕೆಯ ಹೆಸರು ‘ಗದರ್’, ಎಂದರೆ ದಂಗೆ. ತಲೆಬರಹದ ಜೊತೆಗೇ ‘ಅಂಗ್ರೇಜಿ ರಾಜ್ ಕಾ ದುಶ್ಮನ್’ ಎಂಬ ಬಿರುದನ್ನೂ ಅಂಟಿಸಿಕೊಂಡಿತ್ತು. ಕ್ರಾಂತಿಯ ವಿಚಾರ ಹರಡುವುದರಲ್ಲಿ ಅಚ್ಚಿನ ಪಾತ್ರ ಏನು ಎಂಬ ಮಾತು ಬಂದಾಗಲೆಲ್ಲ ನಾವು ಫ್ರಾನ್ಸಿನ ಕರಪತ್ರಗಳನ್ನೋ ಲೆನಿನ್ನನ ‘ಇಸ್ಕ್ರಾ’ವನ್ನೋ ಹೆಸರಿಸುತ್ತೇವೆ. ಗದರ್ ನೆನಪಿಗೆ ಬರುವುದು ಅಪರೂಪ. ನನಗೆ ಮಾತ್ರ ಅದರ ಕಥೆಯೇ ಹೆಚ್ಚು ಪಾಠ ಹೇಳುವಂಥದ್ದು ಅನಿಸುತ್ತದೆ. ಒಂದು ಪತ್ರಿಕೆ ತನ್ನ ಓದುಗರನ್ನು ಎಷ್ಟರಮಟ್ಟಿಗೆ ಬದಲಿಸಬಲ್ಲದು ಎಂಬುದೂ, ತನ್ನನ್ನು ಓದದ ಊರಿನ ಬಗ್ಗೆ ಅದು ಎಷ್ಟು ಕುರುಡಾಗಬಲ್ಲದು ಎಂಬುದೂ ಒಂದೇ ಕಡೆ ಸಿಗುವುದು ಇಲ್ಲಿ.

ಇಷ್ಟಕ್ಕೂ ಹಿಂದೂಸ್ಥಾನದ ದಂಗೆಗೆ ಪತ್ರಿಕೆ ಅಷ್ಟು ದೂರ ಹೋಗಿ ಅಚ್ಚಾಗಬೇಕಿತ್ತೆ? ಬೇಕಿತ್ತು. 1908ರ ಜೂನ್‌ನಲ್ಲಿ ಬಂದ ಕಾನೂನು ಹಿಂಸೆಗೆ ಕುಮ್ಮಕ್ಕು ಕೊಡುವ ಪತ್ರಿಕೆಯ ಅಚ್ಚುಕೂಟವನ್ನೇ ಕಸಿದುಕೊಳ್ಳುವ ಅಧಿಕಾರವನ್ನು ಮ್ಯಾಜಿಸ್ಟ್ರೇಟರಿಗೆ ಕೊಟ್ಟಿತು. ಮರು ತಿಂಗಳೇ ‘ಕೇಸರಿ’ಯ ಲೇಖನಗಳಿಗಾಗಿ ತಿಲಕರಿಗೆ ಆರು ವರ್ಷ ಶಿಕ್ಷೆಯಾಗಿ ಅವರು ಮಂಡಾಲೆ ಸೇರಿದರು. 1910ರ ಪ್ರೆಸ್ ಕಾಯ್ದೆಯಂತೆ ಹೊಸದಾಗಿ ಅಚ್ಚುಕೂಟ ತೆರೆಯುವವನು ಮೊದಲು ಸರ್ಕಾರದ ಬಳಿ ಠೇವಣಿ ಇಡಬೇಕಾಯಿತು. ಬರೆದದ್ದು ಹಿಡಿಸದಿದ್ದರೆ ಠೇವಣಿ ಮುಳುಗಿದಂತೆಯೇ. ಸಂಸ್ಥಾನಗಳೂ ಹಿಂದೆ ಬೀಳಲಿಲ್ಲ. ದಿವಾನ್ ವಿ.ಪಿ. ಮಾಧವರಾವ್ ಇದ್ದಾಗ ಮೈಸೂರಿನಲ್ಲೂ 1908ರಲ್ಲೇ ವೃತ್ತಪತ್ರಿಕಾ ನಿರ್ಬಂಧ ಜಾರಿಯಾಯಿತು. ಮೈಸೂರಿನವರು ‘ತಾತಯ್ಯ’ ಎಂದು ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಅದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಬಗ್ಗುವುದಕ್ಕಿಂತ ಮುಚ್ಚುವುದು ಲೇಸು ಎಂದು ಸಭ್ಯರು ಕಂಡುಕೊಂಡ ದಾರಿ ಅದು. ಸಭ್ಯತೆಯ ಹಂಗಿಲ್ಲದವರು ಗಡಿ ದಾಟಿದರು. ಸುಬ್ರಹ್ಮಣ್ಯ ಭಾರತಿ ಫ್ರೆಂಚರ ಪಾಂಡಿಚೇರಿಗೆ ಹೋಗಿ ‘ಇಂಡಿಯಾ’ ನಡೆಸಿದರು. ಮೇಡಂ ಕಾಮಾ ಪ್ಯಾರಿಸ್ಸಿನಲ್ಲಿದ್ದುಕೊಂಡು ‘ಬಂದೇ ಮಾತರಂ’ ಹೊರಡಿಸಿದರು. ಶ್ಯಾಮ್‌ಜಿ ಕೃಷ್ಣವರ್ಮ ಲಂಡನ್ನಿನಲ್ಲಿ ಶುರು ಮಾಡಿದ್ದ ‘ಇಂಡಿಯನ್ ಸೋಶಿಯಾಲಜಿಸ್ಟ್’ ಅನ್ನು ಅಚ್ಚು ಹಾಕಿಕೊಟ್ಟ ತಪ್ಪಿಗೆ 1909ರಲ್ಲಿ ಇಬ್ಬರು ಇಂಗ್ಲಿಷ್ ಮುದ್ರಕರೇ ಒಬ್ಬರ ಹಿಂದೆ ಒಬ್ಬರು ಜೈಲು ಕಂಡರು. ಸಂಪಾದಕ ಆ ಹೊತ್ತಿಗೆ ಸುರಕ್ಷಿತವಾಗಿ ಪ್ಯಾರಿಸ್ಸಿನಲ್ಲಿದ್ದ ಎಂಬುದನ್ನೂ ಹೇಳಬೇಕು.

ಆದರೆ ಇವೆಲ್ಲ ಓದು ಬಲ್ಲವರು ಓದು ಬಲ್ಲವರಿಗಾಗಿ ನಡೆಸಿದ ಪತ್ರಿಕೆಗಳು. ಅಮೆರಿಕದ ಪಶ್ಚಿಮ ಕರಾವಳಿಯ ಪಂಜಾಬಿಗಳ ಪಾಡು ಬೇರೆ. 1904ರ ಸುಮಾರಿನಿಂದ ಮೊದಲು ಕೆನಡಾಕ್ಕೆ, ಅಲ್ಲಿಂದ ವಾಷಿಂಗ್ಟನ್, ಆರೆಗಾನ್, ಕ್ಯಾಲಿಫೋರ್ನಿಯಾಗಳಿಗೆ ಇಳಿದ ಇವರು ಜಮೀನು ಅಡವಿಟ್ಟು, ಸಾಲ ಮಾಡಿ ಬಂದವರು. ಕಡಿಮೆ ಕೂಲಿಗೆ ದುಡಿಯುತ್ತಾರೆಂದು ಬಿಳಿ ಕಾರ್ಮಿಕರಿಗೆ ಇವರ ಮೇಲೆ ಕಣ್ಣು. 1907ರ ಸೆಪ್ಟೆಂಬರ್ 4ರ ರಾತ್ರಿ ವಾಷಿಂಗ್ಟನ್ ರಾಜ್ಯದ ಬೆಲಿಂಗ್‌ಹ್ಯಾಮ್‌ನಲ್ಲಿ ನೂರಾರು ಜನರ ಗುಂಪು ಇವರ ಬಿಡಾರಗಳಿಗೆ ನುಗ್ಗಿ ಹೊಡೆದು ಹೊರದಬ್ಬಿತು. ಕೆಲವೇ ದಿನಗಳಲ್ಲಿ ಊರು ಖಾಲಿ. ಮರು ವರ್ಷ ಕೆನಡಾ, ತಾಯ್ನಾಡಿನಿಂದ ಎಲ್ಲೂ ಹಡಗು ಬದಲಿಸದೆ ನೇರವಾಗಿ ಬಂದವರಿಗೆ ಮಾತ್ರ ಪ್ರವೇಶ ಎಂಬ ನಿಯಮ ತಂದಿತು. ಹಿಂದೂಸ್ಥಾನದಿಂದ ನೇರ ಹಡಗೇ ಇರಲಿಲ್ಲ. ಜಪಾನಿಯರಿಗೆ ಏಟು ಬಿದ್ದರೆ ಅವರ ಸರ್ಕಾರ ಕೇಳುತ್ತಿತ್ತು. ಇವರ ಪರವಾಗಿ ಕೇಳಬೇಕಾದ ಸರ್ಕಾರ ಲಂಡನ್ನಿನದು, ಅದು ಬಾಯಿ ಬಿಡಲಿಲ್ಲ. ರಾಣಿಯ ಪದಕ ಎದೆಗೆ ಸಿಕ್ಕಿಸಿಕೊಂಡಿದ್ದ ಸಿಪಾಯಿಗೆ ತಾನು ಗುಲಾಮ ಎಂದು ಗೊತ್ತಾದದ್ದು ಪಂಜಾಬಿನಲ್ಲಲ್ಲ, ಆರೆಗಾನ್‌ನಲ್ಲಿ.

1913ರಲ್ಲಿ ಆರೆಗಾನ್‌ನ ಮಿಲ್ಲು ಕೂಲಿಗಳು ಸೇರಿ ಕಟ್ಟಿದ ಸಂಘಕ್ಕೆ ಅಧ್ಯಕ್ಷರಾದವರು ಸೋಹನ್ ಸಿಂಗ್ ಭಕ್ನಾ. ಪೋರ್ಟ್‌ಲೆಂಡಿನ ಮರದ ಮಿಲ್ಲಿನಲ್ಲಿ ದುಡಿಯುತ್ತಿದ್ದವರು ಅವರು. ಕಾರ್ಯದರ್ಶಿ ಲಾಲಾ ಹರ್ ದಯಾಳ್ ದಿಲ್ಲಿಯವರು. ಆಕ್ಸ್‌ಫರ್ಡಿನ ವಿದ್ಯಾರ್ಥಿವೇತನವನ್ನು ಬಿಸಾಡಿ ಬಂದವರು, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೆಲ ಕಾಲ ಭಾರತೀಯ ದರ್ಶನ ಪಾಠ ಹೇಳಿದವರು. ಸಂಘದ ಮೊದಲ ತೀರ್ಮಾನ ಬಂದೂಕು ಕೊಳ್ಳುವುದಲ್ಲ, ಪತ್ರಿಕೆ ತರುವುದು. ದುಡ್ಡು ಕೂಲಿಗಳ ಚಂದಾದಿಂದಲೇ ಬಂತು. ಸ್ಯಾನ್ ಫ್ರಾನ್ಸಿಸ್ಕೊದ ಹಿಲ್ ಸ್ಟ್ರೀಟಿನ 436ನೇ ನಂಬರಿನ ಮನೆ ಕಚೇರಿಯಾಯಿತು. ಅದಕ್ಕೆ ಇಟ್ಟ ಹೆಸರು ‘ಯುಗಾಂತರ ಆಶ್ರಮ’. ಕಲ್ಕತ್ತೆಯಲ್ಲಿ 1906ರಲ್ಲಿ ಹುಟ್ಟಿ, ಸರ್ಕಾರದ ಏಟಿಗೆ ಎರಡೇ ವರ್ಷಕ್ಕೆ ನಿಂತುಹೋದ ‘ಯುಗಾಂತರ’ ಎಂಬ ಬಂಗಾಳಿ ಪತ್ರಿಕೆಯ ಹೆಸರದು. ಒಂದು ಕಡೆ ಮುಚ್ಚಿಸಿದ ಪತ್ರಿಕೆ ಇನ್ನೊಂದು ಖಂಡದಲ್ಲಿ ಮನೆಯ ಬೋರ್ಡಾಗಿ ನಿಂತಿತ್ತು.

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಉರ್ದುವಿನ, ಪಂಜಾಬಿಯ ಗುರುಮುಖಿ ಲಿಪಿಯ ಅಚ್ಚುಮೊಳೆ ಎಲ್ಲಿಂದ ತರುವುದು? ತಂದರೂ ಜೋಡಿಸುವವರು ಯಾರು? ಅದಕ್ಕೆ ಕಲ್ಲಚ್ಚಿನ ದಾರಿ ಹಿಡಿದರು. ಪುಟವನ್ನು ಪೂರ್ತಿ ಕೈಯಲ್ಲಿ ಬರೆದು, ಅದನ್ನು ಕಲ್ಲಿಗಿಳಿಸಿ ಪ್ರತಿ ತೆಗೆಯುವ ಹಳೆಯ ವಿಧಾನ. ಉರ್ದು ಪತ್ರಿಕೆಗಳಿಗೆ ಇದೇನೂ ಹೊಸದಲ್ಲ. ಬರೆಯಲು ಒಳ್ಳೆಯ ಕೈಯಿದ್ದರೆ ಸಾಕು, ಯಾವ ಲಿಪಿಯಾದರೂ ನಡೆಯುತ್ತದೆ. ಉಳಿದಿರುವ ಸಂಚಿಕೆಗಳನ್ನು ನೋಡಿದರೆ ಯಾರೋ ಕೂತು ಬರೆದ ದೊಡ್ಡ ಕಾಗದದ ಹಾಗೆ ಕಾಣುತ್ತವೆ. ಊರಿನ ಕಾಗದಕ್ಕಾಗಿ ತಿಂಗಳುಗಟ್ಟಲೆ ಕಾಯುತ್ತಿದ್ದವರಿಗೆ ಆ ಕೈಬರಹವೂ ಮಾತಾಡಿರಬೇಕು. ಉರ್ದು ಆವೃತ್ತಿ ನವೆಂಬರ್ 1ಕ್ಕೆ ಬಂದರೆ ಡಿಸೆಂಬರಿಗೆ ಗುರುಮುಖಿ ಬಂತು, ಮುಂದಿನ ವರ್ಷ ಗುಜರಾತಿ. ಕೈಯಿಂದ ತಿರುಗಿಸುವ ಮುದ್ರಣ ಯಂತ್ರದ ಹತ್ತಿರ ಹಗಲು ರಾತ್ರಿ ನಿಲ್ಲುತ್ತಿದ್ದ ಹುಡುಗರಲ್ಲಿ ಒಬ್ಬ ಕರ್ತಾರ್ ಸಿಂಗ್ ಸರಾಭಾ. ಲೂಧಿಯಾನ ಜಿಲ್ಲೆಯವನು, ಓದಲೆಂದು ಬರ್ಕ್ಲಿಗೆ ಬಂದವನು. ಓದು ಬಿಟ್ಟು ಅಚ್ಚುಕೂಟ ಸೇರಿದಾಗ ಹದಿನೇಳು ದಾಟಿತ್ತಷ್ಟೆ.

ಪತ್ರಿಕೆಯಲ್ಲಿ ಏನಿರುತ್ತಿತ್ತು? ಹರ್ ದಯಾಳ್ ಪಂಡಿತರು, ಬೇಕೆಂದರೆ ದರ್ಶನ ಬರೆಯಬಲ್ಲವರು. ಅವರು ಕೊಟ್ಟದ್ದು ಲೆಕ್ಕ. ‘ಅಂಗ್ರೇಜಿ ರಾಜ್ ಕಾ ಕಚ್ಚಾ ಚಿಟ್ಠಾ’ ಎಂಬ ಹೆಸರಿನಲ್ಲಿ ಹದಿನಾಲ್ಕು ಅಂಶಗಳ ಪಟ್ಟಿಯೊಂದು ಸಂಚಿಕೆಯಿಂದ ಸಂಚಿಕೆಗೆ ಮರಳಿ ಬರುತ್ತಿತ್ತು. ಇಂಗ್ಲಿಷರು ವರ್ಷಕ್ಕೆ 50 ಕೋಟಿ ರೂಪಾಯಿ ತಮ್ಮ ದೇಶಕ್ಕೆ ಒಯ್ಯುತ್ತಾರೆ; ಸೈನ್ಯಕ್ಕೆ 29 ಕೋಟಿಗೂ ಹೆಚ್ಚು, 24 ಕೋಟಿ ಜನರ ವಿದ್ಯೆಗೆ 8 ಕೋಟಿಯೂ ಇಲ್ಲ; ಕ್ಷಾಮದಲ್ಲಿ ಸತ್ತವರೆಷ್ಟು, ಪ್ಲೇಗಿನಲ್ಲಿ ಎಷ್ಟು; ಇಷ್ಟು ಕೋಟಿ ಜನರನ್ನು ಆಳುತ್ತಿರುವ ಇಂಗ್ಲಿಷರ ಸಂಖ್ಯೆ ಎಷ್ಟು. ಕೊನೆಯ ಅಂಶ, 1857ರ ದಂಗೆ ಕಳೆದು 56 ವರ್ಷವಾಯಿತು, ಇನ್ನೊಂದು ಬೇಕು ಎಂಬುದು. ಇವು ಪತ್ರಿಕೆ ಕೊಟ್ಟ ಅಂಕಿಗಳು. ಅರ್ಥಶಾಸ್ತ್ರಜ್ಞರು ಒಂದೊಂದನ್ನೂ ಹಿಡಿದು ಜಗ್ಗಬಹುದು. ಆದರೆ ಅದೇ ಪಟ್ಟಿ ವಾರ ವಾರ ಬರುವುದರಲ್ಲಿ ಒಂದು ಜಾಣತನವಿತ್ತು. ಹಿಂದಿನ ಸಂಚಿಕೆ ಸಿಗದವನಿಗೂ ಇದೇ ಸಂಚಿಕೆ ಸಾಕು. ಗಡಿಯಲ್ಲಿ ಹತ್ತು ಪ್ರತಿ ಸಿಕ್ಕಿಬಿದ್ದು ಒಂದು ತಪ್ಪಿಸಿಕೊಂಡರೂ ಹೇಳಬೇಕಾದ್ದೆಲ್ಲ ಅದರಲ್ಲಿರುತ್ತಿತ್ತು.

ಲೆಕ್ಕಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಪದ್ಯ. ಓದುಗರೇ ಬರೆದು ಕಳಿಸಿದ ಪಂಜಾಬಿ ಪದ್ಯಗಳು ಗುರುಮುಖಿ ಆವೃತ್ತಿಯಲ್ಲಿ ಬರುತ್ತಿದ್ದವು. ಬರೆದವರ ನಿಜ ಹೆಸರು ಇರುತ್ತಿದ್ದುದು ಕಡಿಮೆ. ಊರಲ್ಲಿ ಪ್ರೇಮಕಥೆಗೂ ಭಕ್ತಿಗೂ ಬಳಕೆಯಾಗುತ್ತಿದ್ದ ಮಟ್ಟುಗಳಲ್ಲೇ ಇಲ್ಲಿ ಗುಲಾಮಗಿರಿ, ಬಡತನ, ಹಿಂದೂ-ಮುಸ್ಲಿಂ-ಸಿಖ್ ಒಗ್ಗಟ್ಟಿನ ಮಾತು. ಇವನ್ನು ಆಯ್ದು ‘ಗದರ್ ದೀ ಗೂಂಜ್’ ಎಂಬ ಪುಟ್ಟ ಪುಸ್ತಕಗಳನ್ನೂ ತಂದರು. ಅಕ್ಷರ ಬಲ್ಲವನೊಬ್ಬ ಸಂಜೆ ಬಿಡಾರದಲ್ಲಿ ಕೂತು ಓದಿದರೆ ಉಳಿದವರು ಕೇಳಿಸಿಕೊಳ್ಳುತ್ತಿದ್ದರು. ಗದ್ಯ ಮರೆಯುತ್ತಿತ್ತು, ಪದ್ಯ ಬಾಯಲ್ಲಿ ನಿಲ್ಲುತ್ತಿತ್ತು. ಪತ್ರಿಕೆಯನ್ನು ಕಸ್ಟಮ್ಸಿನವರು ಹಿಡಿಯಬಹುದು, ಬಾಯಲ್ಲಿ ಕೂತ ಪದ್ಯವನ್ನು ಹಿಡಿಯುವುದು ಹೇಗೆ? ಪತ್ರಿಕೆ ಎಷ್ಟು ಪ್ರತಿ ಅಚ್ಚಾಯಿತು ಎಂಬ ಅಂಕಿಯಿಂದ ಅದರ ಓದುಗರನ್ನು ಎಣಿಸಲು ಹೊರಡುವವರು ಇದನ್ನು ಗಮನಿಸುವುದೇ ಇಲ್ಲ.

ಪತ್ರಿಕೆಗೆ ಬೆಲೆ ಇಟ್ಟಿರಲಿಲ್ಲ. ಹಾಂಗ್‌ಕಾಂಗ್, ಶಾಂಘೈ, ಮನಿಲಾ, ಸಿಯಾಂ, ಸಿಂಗಪುರ, ಪನಾಮಾ, ಪೂರ್ವ ಆಫ್ರಿಕಾ, ಹೀಗೆ ಪಂಜಾಬಿ ಕಾವಲುಗಾರ, ಪೊಲೀಸ್, ಸಿಪಾಯಿ ಎಲ್ಲೆಲ್ಲಿದ್ದನೋ ಅಲ್ಲಿಗೆಲ್ಲ ಹೋಯಿತು. ಭಾರತ ಸರ್ಕಾರ ಅದನ್ನು ಬಂದರುಗಳಲ್ಲೇ ತಡೆಯಲು ಹೊರಟಾಗ ಹಾಳೆಗಳನ್ನು ಮಡಿಸಿ ಖಾಸಗಿ ಲಕೋಟೆಯಲ್ಲಿಟ್ಟು ಅಂಚೆಗೆ ಹಾಕಿದರು. ಆದರೂ ಹೋದದ್ದರಲ್ಲಿ ಬಹುಪಾಲು ಸಿಕ್ಕಿಬಿತ್ತು. ಪಂಜಾಬಿನ ಹಳ್ಳಿಗೆ ತಲುಪಿದ್ದಕ್ಕಿಂತ ಪೆಸಿಫಿಕ್ ಸುತ್ತಲಿನ ಬಂದರುಗಳಿಗೆ ತಲುಪಿದ್ದೇ ಹೆಚ್ಚು. ಕಥೆಯ ಗಂಟು ಬಿದ್ದಿದ್ದು ಇಲ್ಲಿಯೇ.

ಗದರ್‌ನ ಅತಿ ಶ್ರದ್ಧೆಯ ಓದುಗ ಯಾರು ಎಂದು ಕೇಳಿದರೆ ಬ್ರಿಟಿಷ್ ಗುಪ್ತಚರ ಇಲಾಖೆ ಎನ್ನಬೇಕಾಗುತ್ತದೆ. ಕೆನಡಾದ ವಲಸೆ ಇಲಾಖೆಯ ಇನ್‌ಸ್ಪೆಕ್ಟರ್ ಹಾಪ್ಕಿನ್‌ಸನ್, ಭಾರತದಲ್ಲಿ ಹುಟ್ಟಿ ಬೆಳೆದು ಹಿಂದಿ ಬಲ್ಲವನು, ಈ ಗುಂಪಿನ ಬೆನ್ನು ಬಿದ್ದಿದ್ದ. 1914ರ ಅಕ್ಟೋಬರಿನಲ್ಲಿ ವ್ಯಾಂಕೂವರ್ ಕೋರ್ಟಿನಲ್ಲಿ ಮೇವಾ ಸಿಂಗ್ ಎಂಬವನ ಗುಂಡಿಗೆ ಅವನು ಸತ್ತ. ಸಂಚಿಕೆಗಳು ಇಂಗ್ಲಿಷಿಗೆ ಅನುವಾದಗೊಂಡು ಕಡತ ಸೇರುತ್ತಿದ್ದವು. ಗುಟ್ಟಾಗಿ ನಡೆಯಬೇಕಾದ ದಂಗೆಯನ್ನು ಮುಖಪುಟದಲ್ಲಿ ಸಾರಿಕೊಂಡು ಬರುತ್ತಿದ್ದ ಪತ್ರಿಕೆ ಇದು. ಹುಂಬತನವೆಂದು ನಗಬಹುದು. ಆದರೆ ಇದನ್ನು ನಡೆಸುತ್ತಿದ್ದವರ ಎಣಿಕೆಯಲ್ಲಿ ಸಮಯ ಧಾರಾಳವಾಗಿತ್ತು; ಮೊದಲು ಹಲವು ವರ್ಷ ಪ್ರಚಾರ, ಆಮೇಲೆ ಎದ್ದೇಳುವುದು.

ಸಮಯ ಸಿಗಲಿಲ್ಲ. 1914ರ ಮಾರ್ಚಿನಲ್ಲಿ ಹರ್ ದಯಾಳರನ್ನು ಅಮೆರಿಕದ ಅಧಿಕಾರಿಗಳು ಬಂಧಿಸಿದರು. ಜಾಮೀನಿನ ಮೇಲೆ ಹೊರಬಂದು ಅವರು ಸ್ವಿಟ್ಜರ್ಲೆಂಡಿಗೆ ಹೋಗಿಬಿಟ್ಟರು. ಪತ್ರಿಕೆ ರಾಮಚಂದ್ರ ಎಂಬ ಸಂಗಡಿಗನ ಕೈಗೆ ಬಂತು. ಮೇ ತಿಂಗಳಲ್ಲಿ ಹೆಚ್ಚಾಗಿ ಪಂಜಾಬಿಗಳೇ ಆದ 376 ಪ್ರಯಾಣಿಕರಿದ್ದ ‘ಕೊಮಗಾಟ ಮಾರು’ ಹಡಗು ವ್ಯಾಂಕೂವರಿಗೆ ಬಂದು, ಇಳಿಯಲು ಅನುಮತಿ ಸಿಗದೆ ಎರಡು ತಿಂಗಳು ನೀರಿನಲ್ಲೇ ನಿಂತು, ಕೆಲವೇ ಮಂದಿಯನ್ನು ಇಳಿಸಿ, ಉಳಿದವರನ್ನು ಹೊತ್ತು ಹಿಂದಿರುಗಿತು. ಆಗಸ್ಟಿನಲ್ಲಿ ಯುರೋಪಿನಲ್ಲಿ ಯುದ್ಧ. ಇಂಗ್ಲಿಷರು ಯುದ್ಧದಲ್ಲಿ ಸಿಕ್ಕಿಕೊಂಡಾಗ ಎದ್ದೇಳಬೇಕೆಂದು ಪತ್ರಿಕೆ ಮೊದಲಿಂದ ಹೇಳಿಕೊಂಡೇ ಬಂದಿತ್ತು. ಈಗ ಯುದ್ಧ ಬಂದಾಗ ಸುಮ್ಮನಿದ್ದರೆ ತನ್ನ ಮಾತಿಗೆ ತಾನೇ ತಪ್ಪಿದಂತೆ. ಗದರ್ ಯುದ್ಧ ಸಾರಿತು. ಕ್ಯಾಲಿಫೋರ್ನಿಯಾದ ಊರೂರುಗಳಲ್ಲಿ ಸಭೆಗಳಾದವು, ಹೆಸರು ಬರೆಸಿದರು, ಬ್ಯಾಂಕಿನಲ್ಲಿಟ್ಟ ದುಡ್ಡು ತೆಗೆದುಕೊಟ್ಟರು. ಆಗಸ್ಟ್ 29ರಂದು ‘ಕೊರಿಯಾ’ ಎಂಬ ಹಡಗಿನಲ್ಲಿ ಮೊದಲ ದೊಡ್ಡ ತಂಡ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟಿತು.

ಅವರು ದಡ ಮುಟ್ಟುವ ಮೊದಲೇ ಸೆಪ್ಟೆಂಬರ್ 5ರಂದು ಸರ್ಕಾರ, ಹೊರಗಿನಿಂದ ಬರುವ ಯಾರನ್ನಾದರೂ ತಡೆದು ಇಡುವ ಸುಗ್ರೀವಾಜ್ಞೆ ಹೊರಡಿಸಿತ್ತು. ಸೆಪ್ಟೆಂಬರ್ 29ಕ್ಕೆ ‘ಕೊಮಗಾಟ ಮಾರು’ವಿನವರ ಮೇಲೆ ಕಲ್ಕತ್ತೆ ಬಳಿಯ ಬಜ್‌ಬಜ್‌ನಲ್ಲಿ ಗುಂಡು ಹಾರಿತು. ಭಕ್ನಾ ಹಡಗಿನಿಂದ ಇಳಿಯುವಾಗಲೇ ಸೆರೆಯಾದರು. ಹಡಗಿಗೆ ಹಡಗೇ ಹಿಡಿದು ಜೈಲಿಗೆ ಅಟ್ಟಿದ್ದೂ ಉಂಟು. ಸರಾಭಾ ಮೊದಲಾದ ಕೆಲವರು ಕಣ್ತಪ್ಪಿಸಿ ಊರು ಸೇರಿದರು.

ಊರು ಅವರು ಅಂದುಕೊಂಡಂತಿರಲಿಲ್ಲ. ಬೆಲಿಂಗ್‌ಹ್ಯಾಮಿನ ರಾತ್ರಿ, ಮಿಲ್ಲಿನ ಬಿಡಾರ, ವಾರ ವಾರದ ಓದು, ಇವುಗಳಿಂದ ಬದಲಾದವರು ಇವರು. ಹಳ್ಳಿಯಲ್ಲಿದ್ದ ಅಣ್ಣತಮ್ಮಂದಿರಿಗೆ ಇದ್ಯಾವುದೂ ಆಗಿರಲಿಲ್ಲ. ಕಾಲುವೆ ನೀರು, ಪಲ್ಟನ್ನಿನ ಸಂಬಳ ನಂಬಿಕೊಂಡ ಹಳ್ಳಿಗಳಲ್ಲಿ ಸೈನ್ಯಕ್ಕೆ ಭರ್ತಿ ನಡೆಯುತ್ತಿತ್ತು. ಯುದ್ಧ ಮುಗಿಯುವ ಹೊತ್ತಿಗೆ ಪಂಜಾಬೊಂದರಿಂದಲೇ ಮೂರು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಸಿಖ್ಖರ ಗಣ್ಯರ ಸಂಸ್ಥೆಯಾದ ಚೀಫ್ ಖಾಲ್ಸಾ ದಿವಾನ್ ಇವರನ್ನು ಪಂಥದವರೇ ಅಲ್ಲ ಎಂದು ದೂರ ತಳ್ಳಿತು. ಕೆಲವು ಕಡೆ ಹಳ್ಳಿಯವರೇ ಅಟ್ಟಿಸಿಕೊಂಡು ಹೋಗಿ ಹಿಡಿದುಕೊಟ್ಟರು. ಬಂಗಾಳದ ರಾಸಬಿಹಾರಿ ಬೋಸ್, ಪುಣೆ ಕಡೆಯ ವಿಷ್ಣು ಗಣೇಶ ಪಿಂಗಳೆ ಬಂದು ಸೇರಿದ ಮೇಲೆ ದಂಡುಗಳಲ್ಲಿ ಒಟ್ಟಿಗೆ ಬಂಡಾಯ ಎಬ್ಬಿಸುವ ಯೋಜನೆಯಾಯಿತು. 1915ರ ಫೆಬ್ರುವರಿ 21 ಎಂದು ಗೊತ್ತಾಗಿದ್ದ ದಿನ ಬಯಲಾದ ಸುಳಿವು ಸಿಕ್ಕಿ 19ಕ್ಕೆ ಹಿಂದೆ ತಂದರು. ಒಳಗೇ ಇದ್ದ ಕಿರ್ಪಾಲ್ ಸಿಂಗ್ ಎಂಬ ಗೂಢಚಾರ ಅದನ್ನೂ ಮುಟ್ಟಿಸಿದ. ಸಿಪಾಯಿಗಳ ಆಯುಧಗಳನ್ನು ಅಧಿಕಾರಿಗಳು ಮೊದಲೇ ಕಿತ್ತಿಟ್ಟರು. ಲಾಹೋರ್ ಪಿತೂರಿ ಮೊಕದ್ದಮೆಯಲ್ಲಿ ಸೆಪ್ಟೆಂಬರ್ 13ರಂದು 24 ಮಂದಿಗೆ ಗಲ್ಲು ವಿಧಿಸಲಾಯಿತು; ವೈಸ್‌ರಾಯ್ 17 ಮಂದಿಯದನ್ನು ಕರಿನೀರಿಗೆ ಇಳಿಸಿದ. ನವೆಂಬರಿನಲ್ಲಿ ಗಲ್ಲಿಗೇರಿದ ಏಳು ಜನರಲ್ಲಿ ಪಿಂಗಳೆ ಇದ್ದರು, 19 ವರ್ಷದ ಸರಾಭಾ ಇದ್ದ.

ಇಲ್ಲಿ ‘ಇಸ್ಕ್ರಾ’ದ ಮಾತು ತೆಗೆಯಲೇಬೇಕು. 1900ರ ಡಿಸೆಂಬರಿನಲ್ಲಿ ಜರ್ಮನಿಯ ಲೈಪ್ಸಿಗ್‌ನಲ್ಲಿ ಅಚ್ಚಾಗಿ, ಮುಂದೆ ಮ್ಯೂನಿಕ್, ಲಂಡನ್, ಜಿನೀವಾ ಸುತ್ತಿದ ಆ ರಷ್ಯನ್ ಪತ್ರಿಕೆಯೂ ಪರದೇಶಿಯೇ. ಎರಡು ತಳದ ಪೆಟ್ಟಿಗೆಗಳಲ್ಲಿ, ಅಂಗಿಯ ಒಳಗೆ ಹೊಲಿದುಕೊಂಡ ಪದರಗಳಲ್ಲಿ ಅದು ಗಡಿ ದಾಟುತ್ತಿತ್ತು. ಕಳಿಸಿದ್ದರಲ್ಲಿ ಹತ್ತನೇ ಒಂದು ಪಾಲಿಗಿಂತ ಹೆಚ್ಚು ತಲುಪಿರಲಾರದು ಎಂದು, ಅದರ ಪತ್ರವ್ಯವಹಾರವನ್ನೆಲ್ಲ ನೋಡಿಕೊಳ್ಳುತ್ತಿದ್ದ ಕ್ರುಪ್ಸ್ಕಾಯಾ ಆಮೇಲೆ ನೆನೆದಿದ್ದಾರೆ. ಆದರೂ ಲೆನಿನ್‌ಗೆ ಅದು ಸೋಲಾಗಿ ಕಾಣಲಿಲ್ಲ. 1901ರ ಒಂದು ಲೇಖನದಲ್ಲಿ ಅವನು ಪತ್ರಿಕೆಯನ್ನು ಸಂಘಟಕ ಎಂದೇ ಕರೆದ. ಪ್ರತಿ ಹೊತ್ತವನು, ಮುಟ್ಟಿಸಿದವನು, ಮರು ಅಚ್ಚು ಹಾಕಿದವನು, ಊರಿನ ಸುದ್ದಿ ಬರೆದು ಕಳಿಸಿದವನು, ಇವರೆಲ್ಲರ ಸರಪಳಿಯೇ ಪಕ್ಷ. ಪತ್ರಿಕೆ ನೆಪ. ಗದರ್‌ನವರು ಓದುಗರನ್ನು ಕಟ್ಟಿದರು, ಆದರೆ ಅಂಥ ಸರಪಳಿ ಪಂಜಾಬಿನೊಳಗೆ ಹೆಣೆದಿರಲಿಲ್ಲ. ಅವರ ಓದುಗರೆಲ್ಲ ಒಂದು ಕಡೆ, ದಂಗೆಯ ಜಾಗ ಇನ್ನೊಂದು ಕಡೆ. ದಂಗೆ ನೆಲಕಚ್ಚಿದ್ದಕ್ಕೆ ದ್ರೋಹಿಯೊಬ್ಬನನ್ನು ದೂರುವುದು ಸುಲಭ. ಕಿರ್ಪಾಲ್ ಸಿಂಗ್ ಇಲ್ಲದಿದ್ದರೂ ಹೆಚ್ಚು ಕಾಲ ನಡೆಯುತ್ತಿರಲಿಲ್ಲ ಎಂಬುದು ನನ್ನ ಅನಿಸಿಕೆ.

ಅಮೆರಿಕದಲ್ಲಿ ಇನ್ನೊಂದು ಥರದ ಪತ್ರಿಕೋದ್ಯಮವೂ ಆಗ ನಡೆದಿತ್ತು, ಅದರಲ್ಲಿ ನಮ್ಮ ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರರ ಕೈಯಿತ್ತು. ಮಿಷಿಗನ್‌ನಲ್ಲಿ ಓದಲು ಹೋಗಿದ್ದ ಅವರು ಲಾಲಾ ಲಜಪತ ರಾಯರ ಜೊತೆಗೂಡಿ ನ್ಯೂಯಾರ್ಕಿನ ಹೋಂ ರೂಲ್ ಲೀಗಿನ ಕೆಲಸಕ್ಕೆ ನಿಂತರು. ಆ ಲೀಗು 1918ರಿಂದ ‘ಯಂಗ್ ಇಂಡಿಯಾ’ ಎಂಬ ಇಂಗ್ಲಿಷ್ ಮಾಸಪತ್ರಿಕೆ ನಡೆಸಿತು. ಅದು ಮಾತಾಡಿದ್ದು ಅಮೆರಿಕದ ಓದುಗರ ಜೊತೆ, ಅವರ ನ್ಯಾಯಬುದ್ಧಿಯನ್ನು ನಂಬಿ. ಗದರ್ ಬಿಳಿಯರ ನ್ಯಾಯಬುದ್ಧಿಯನ್ನು ನಂಬುವ ಸ್ಥಿತಿಯಲ್ಲಿರಲಿಲ್ಲ. ಹರ್ಡೀಕರರು 1921ರಲ್ಲಿ ಊರಿಗೆ ಬಂದು ಪತ್ರಿಕೆಗಿಂತ ಕಾರ್ಯಕರ್ತರನ್ನು ಕಟ್ಟುವುದಕ್ಕೆ ಇಳಿದರು. ಹಿಂದೂಸ್ಥಾನಿ ಸೇವಾದಳ ಹುಟ್ಟಿದ್ದು ಹಾಗೆ.

ಸ್ಯಾನ್ ಫ್ರಾನ್ಸಿಸ್ಕೊದ ಕಚೇರಿ ಮಾತ್ರ ಒಳಜಗಳಕ್ಕೆ ಸಿಕ್ಕಿತು. ಯುದ್ಧಕಾಲದಲ್ಲಿ ಜರ್ಮನಿಯಿಂದ ಬಂದ ಹಣದ ಲೆಕ್ಕ, ಯಾರು ಮುಖಂಡ ಎಂಬ ತಕರಾರು. ಅಮೆರಿಕ ಯುದ್ಧಕ್ಕಿಳಿದ ಮೇಲೆ ಹಿಂದೂ-ಜರ್ಮನ್ ಪಿತೂರಿ ಎಂಬ ದೊಡ್ಡ ಮೊಕದ್ದಮೆ ನಡೆದು, 1918ರ ಏಪ್ರಿಲ್ 23ರಂದು ತುಂಬಿದ ಕೋರ್ಟಿನಲ್ಲೇ ಆರೋಪಿಗಳಲ್ಲೊಬ್ಬನಾದ ರಾಮ್ ಸಿಂಗ್ ಎದ್ದು ಸಂಪಾದಕ ರಾಮಚಂದ್ರನನ್ನು ಗುಂಡಿಟ್ಟು ಕೊಂದ. ಮಾರ್ಷಲ್‌ನ ಗುಂಡಿಗೆ ಅವನೂ ಅಲ್ಲೇ ಬಿದ್ದ. ಸಂಘ ಮುಂದೆಯೂ ಉಳಿಯಿತು, ಪತ್ರಿಕೆಗೆ ಹಳೆಯ ದನಿ ಬರಲಿಲ್ಲ.

ಇತ್ತ ಭಾರತ ಸರ್ಕಾರ ಗದರನ್ನು ಬರೀ ಒಂದು ಪತ್ರಿಕೆ ಎಂದುಕೊಳ್ಳದೆ ಗಂಭೀರವಾಗಿ ತೆಗೆದುಕೊಂಡಿತು. 1915ರ ಭಾರತ ರಕ್ಷಣಾ ಕಾಯ್ದೆ ಬಂದದ್ದಕ್ಕೆ ದೊಡ್ಡ ಕಾರಣ ಪಂಜಾಬಿನ ಈ ಗಲಾಟೆ. ಯುದ್ಧ ಮುಗಿದರೂ ಆ ಅಧಿಕಾರ ಕೈಬಿಡಬಾರದೆಂದು ರೌಲಟ್ ಸಮಿತಿ 1918ರಲ್ಲಿ ವರದಿ ಕೊಟ್ಟಿತು. ಗದರ್‌ನವರ ಕಥೆ ಆ ವರದಿಯಲ್ಲಿ ವಿವರವಾಗಿ, ಸರ್ಕಾರಿ ಖರ್ಚಿನಲ್ಲಿ ಅಚ್ಚಾಯಿತು. ಬಂದರಿನಲ್ಲಿ ತಡೆದಿದ್ದ ಸುದ್ದಿ ಸರ್ಕಾರದ ಮುದ್ರಣಾಲಯದಿಂದಲೇ ಊರೆಲ್ಲ ತಲುಪಿತು ಎನ್ನಬಹುದು. ಮರು ವರ್ಷ ರೌಲಟ್ ಕಾಯ್ದೆ, ಅದರ ಹಿಂದೆಯೇ ಗಾಂಧೀಜಿಯ ಸತ್ಯಾಗ್ರಹ, ಜಲಿಯನ್‌ವಾಲಾ ಬಾಗ್. 1915ರಲ್ಲಿ ಕದಲದಿದ್ದ ಪಂಜಾಬು 1919ರಲ್ಲಿ ಕದಲಿತು. ಪತ್ರಿಕೆಯಿಂದಲ್ಲ, ಪತ್ರಿಕೆಗೆ ಹೆದರಿದ ಸರ್ಕಾರದಿಂದ.

ಅಚ್ಚಿನ ಕೆಲಸವನ್ನು ಮತ್ತೆ ಎತ್ತಿಕೊಂಡವರು ಹಳೆಯ ಗದರಿನವರೇ. ಅಮೆರಿಕದಲ್ಲಿ ಜೈಲು ಕಂಡಿದ್ದ ಸಂತೋಖ್ ಸಿಂಗ್ 1926ರಲ್ಲಿ ಅಮೃತಸರದಿಂದ ‘ಕಿರ್ತಿ’ ಎಂಬ ಪಂಜಾಬಿ ಮಾಸಪತ್ರಿಕೆ ತಂದರು. ಹೆಸರೇ ಹೇಳುವಂತೆ ದುಡಿಯುವವರ ಪತ್ರಿಕೆ. ಈ ಸಲ ಕಚೇರಿ ಪೆಸಿಫಿಕ್ ಆಚೆ ಇರಲಿಲ್ಲ. ಓದುಗರಿದ್ದ ಜಾಗದಲ್ಲೇ ಇತ್ತು, ರೈತ ಕೂಲಿಗಳ ಸಂಘಟನೆಯೂ ಜೊತೆಗೇ ಬೆಳೆಯಿತು. ಅದರ ಉರ್ದು ಆವೃತ್ತಿಯಲ್ಲಿ ಕೆಲ ಕಾಲ ಕೂತು ಬರೆದ ಇಪ್ಪತ್ತರ ಹುಡುಗ ಭಗತ್ ಸಿಂಗ್. ಸರಾಭಾನ ಚಿತ್ರವನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದವನು. 1928ರ ನವೆಂಬರಿನಲ್ಲಿ ಅಲಹಾಬಾದಿನ ಹಿಂದಿ ಮಾಸಪತ್ರಿಕೆ ‘ಚಾಂದ್’ ಗಲ್ಲಿಗೇರಿದವರ ಬಗ್ಗೆಯೇ ‘ಫಾಂಸಿ ಅಂಕ’ ಎಂಬ ವಿಶೇಷ ಸಂಚಿಕೆ ತಂದಾಗ ಸರಾಭಾನ ಬದುಕೂ ಅದರಲ್ಲಿ ಅಚ್ಚಾಯಿತು. ಅದರಲ್ಲಿನ ಹುತಾತ್ಮರ ಪರಿಚಯಗಳು ಭಗತ್ ಸಿಂಗ್ ಮತ್ತವನ ಗೆಳೆಯರ ಕೈಯವು ಎನ್ನುತ್ತಾರೆ. ಸರ್ಕಾರ ಆ ಸಂಚಿಕೆಯನ್ನೂ ಮುಟ್ಟುಗೋಲು ಹಾಕಿಕೊಂಡಿತು.